ಪೋರ್ಟ್‌ಫಾಸ್ಟ್ ಹಾಕಿದರೆ ಎಸ್‌ಟಿಪಿ ಆಫ್ ಆಗುತ್ತಾ?

ಪ್ರಶ್ನೆ: ಸರ್, ನಮ್ಮ ಆಫೀಸಿನಲ್ಲಿ ಪಿಸಿ ಆನ್ ಮಾಡಿದ ಮೇಲೆ ಅರ್ಧ ನಿಮಿಷ ನೆಟ್‌ವರ್ಕ್ ಬರುವುದಿಲ್ಲ. ಕೆಲವು ಸಲ 169.254 ಅಂತ ಐಪಿ ಬಂದು ಕೂರುತ್ತದೆ. ಸ್ವಿಚ್‌ನಲ್ಲಿ ಪೋರ್ಟ್‌ಫಾಸ್ಟ್ (ಪೋರ್ಟ್ ಕಾಯದೆ ಕೂಡಲೇ ಕೆಲಸ ಶುರು ಮಾಡುವ ಸೆಟ್ಟಿಂಗ್) ಹಾಕೋಣ ಅಂದರೆ, 'ಆ ಪೋರ್ಟಿನಲ್ಲಿ ಎಸ್‌ಟಿಪಿ (ಸ್ಪ್ಯಾನಿಂಗ್ ಟ್ರೀ, ಅಂದರೆ ಲೂಪ್ ತಡೆಯುವ ವ್ಯವಸ್ಥೆ) ಆಫ್ ಆಗುತ್ತೆ, ಲೂಪ್ ಆಗುತ್ತೆ, ಡೇಟಾ ಸುತ್ತುತ್ತಲೇ ಇರುತ್ತೆ' ಅಂತ ಸೀನಿಯರ್ ಬೇಡ ಅಂದರು. ಏನು ಮಾಡಲಿ?

ಉತ್ತರ: ಹಾಕಿ. ಪಿಸಿ, ಪ್ರಿಂಟರ್, ಐಪಿ ಫೋನ್, ಕ್ಯಾಮೆರಾ ಇರುವ ಪೋರ್ಟುಗಳಿಗೆಲ್ಲ ಹಾಕಿ. ಜೊತೆಗೆ ಬಿಪಿಡಿಯು ಗಾರ್ಡ್ ಕೂಡ ಹಾಕಿ (ಬಿಪಿಡಿಯು ಅಂದರೆ ಎಸ್‌ಟಿಪಿಗಾಗಿ ಸ್ವಿಚ್‌ಗಳು ಕಳಿಸುವ ಪುಟ್ಟ ಸಂದೇಶ). ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಪೋರ್ಟಿಗೆ ಮಾತ್ರ ಬೇಡ.

ತಡ ಯಾಕೆ ಆಗುತ್ತದೆ ಅನ್ನುವುದು ಸರಳ. ಕೇಬಲ್ ಲಿಂಕ್ ಬಂದ ತಕ್ಷಣ ಸ್ವಿಚ್ ಆ ಪೋರ್ಟನ್ನು ನಂಬುವುದಿಲ್ಲ. ಲಿಸನಿಂಗ್‌ನಲ್ಲಿ 15 ಸೆಕೆಂಡ್, ಲರ್ನಿಂಗ್‌ನಲ್ಲಿ 15 ಸೆಕೆಂಡ್ ಇಟ್ಟು, ಆಮೇಲೆ ಫಾರ್ವರ್ಡಿಂಗ್‌ಗೆ, ಅಂದರೆ ಡೇಟಾ ದಾಟಿಸಲು, ಬಿಡುತ್ತದೆ. ಅಷ್ಟರಲ್ಲಿ ಪಿಸಿ ಡಿಎಚ್‌ಸಿಪಿ ಸರ್ವರ್ (ಐಪಿ ಹಂಚುವ ಸರ್ವರ್) ಹತ್ತಿರ ಐಪಿ ಕೇಳಿ ಕೇಳಿ ಸುಸ್ತಾಗಿ ತಾನೇ ಒಂದು 169.254 ಐಪಿ ಹಾಕಿಕೊಳ್ಳುತ್ತದೆ. ಪೋರ್ಟ್‌ಫಾಸ್ಟ್ ಹಾಕಿದರೆ ಈ ಎರಡು ಹಂತ ಬಿಟ್ಟು ನೇರ ಫಾರ್ವರ್ಡಿಂಗ್. ಪೋರ್ಟ್‌ಫಾಸ್ಟ್ ಸಿಸ್ಕೋ ಇಟ್ಟ ಹೆಸರು. ಬೇರೆ ಕಂಪನಿಯ ಸ್ವಿಚ್‌ನಲ್ಲಿ 'ಎಡ್ಜ್ ಪೋರ್ಟ್' ಅಂತ ಹುಡುಕಿ.

ಈಗ ಆ 'ಎಸ್‌ಟಿಪಿ ಆಫ್ ಆಗುತ್ತೆ' ಅನ್ನುವ ಮಾತು. ಎಷ್ಟು ಸಲ ಹೇಳಿದರೂ ಇದು ಸಾಯುತ್ತಿಲ್ಲ. ಟ್ರೇನಿಂಗ್ ಕ್ಲಾಸುಗಳಲ್ಲೂ ಹೀಗೇ ಹೇಳಿಕೊಡುತ್ತಾರೆ ಅನ್ನುವುದೇ ನನಗೆ ಬೇಸರ. ಆಫ್ ಆಗುವುದಿಲ್ಲ. ಪೋರ್ಟ್‌ಫಾಸ್ಟ್ ಇರುವ ಪೋರ್ಟ್ ಪ್ರತಿ 2 ಸೆಕೆಂಡಿಗೊಮ್ಮೆ ಬಿಪಿಡಿಯು ಕಳಿಸುತ್ತಲೇ ಇರುತ್ತದೆ. ಆ ಕಡೆಯಿಂದ ಒಂದು ಬಿಪಿಡಿಯು ಬಂದರೂ ಸಾಕು, ಪೋರ್ಟ್‌ಫಾಸ್ಟ್ ಗುಣ ಬಿಟ್ಟು ಮಾಮೂಲಿ ಎಸ್‌ಟಿಪಿ ಪೋರ್ಟ್ ಆಗಿಬಿಡುತ್ತದೆ. ನನ್ನ ಮಾತು ನಂಬಬೇಡಿ, ನೀವೇ ನೋಡಿ. ಸಿಸ್ಕೋ ಸ್ವಿಚ್‌ನಲ್ಲಿ 'ಶೋ ಸ್ಪ್ಯಾನಿಂಗ್-ಟ್ರೀ ಇಂಟರ್‌ಫೇಸ್' ಕಮಾಂಡಿಗೆ ಪೋರ್ಟ್ ನಂಬರ್ ಕೊಟ್ಟು ಕೊನೆಗೆ 'ಡೀಟೇಲ್' ಹಾಕಿ. ಪೋರ್ಟ್ ಪೋರ್ಟ್‌ಫಾಸ್ಟ್ ಮೋಡ್‌ನಲ್ಲಿದೆ ಅಂತ ಒಂದು ಸಾಲು ಇರುತ್ತದೆ. ಅದರ ಹತ್ತಿರವೇ ಕಳಿಸಿದ ಬಿಪಿಡಿಯು ಲೆಕ್ಕ ಇರುತ್ತದೆ. ಸ್ವಲ್ಪ ಬಿಟ್ಟು ಮತ್ತೆ ನೋಡಿ, ಲೆಕ್ಕ ಏರಿರುತ್ತದೆ. ಎಸ್‌ಟಿಪಿ ಆಫ್ ಆಗಿದ್ದರೆ ಇದನ್ನು ಕಳಿಸಿದ್ದು ಯಾರು?

ನಿಮ್ಮ ಸೀನಿಯರ್ ಭಯದಲ್ಲಿ ಒಂದು ಎಳೆ ಸತ್ಯ ಇದೆ. ಮೊದಲ ಬಿಪಿಡಿಯು ಬರುವ ತನಕ ಪೋರ್ಟ್ ತೆರೆದಿರುತ್ತದೆ, ಆ ಕ್ಷಣದಲ್ಲಿ ಲೂಪ್ ಆಗಬಹುದು. ಈಥರ್ನೆಟ್ ಫ್ರೇಮಿಗೆ ಟಿಟಿಎಲ್ (ಇಷ್ಟು ಹೆಜ್ಜೆ ದಾಟಿದ ಮೇಲೆ ಬಿಸಾಡು ಅನ್ನುವ ಲೆಕ್ಕ) ಇಲ್ಲ, ಸುತ್ತಲು ಶುರುವಾದರೆ ತಾನಾಗಿ ನಿಲ್ಲುವುದಿಲ್ಲ. ಅದಕ್ಕೇ ಬಿಪಿಡಿಯು ಗಾರ್ಡ್. ಬಿಪಿಡಿಯು ಕಂಡ ಕೂಡಲೇ ಪೋರ್ಟನ್ನು ಎರ್-ಡಿಸೇಬಲ್ ಮಾಡಿ ಮುಚ್ಚುತ್ತದೆ.

ಯಾರೋ ಟೇಬಲ್ ಕೆಳಗೆ ಐದು ಪೋರ್ಟಿನ ಸಣ್ಣ ಸ್ವಿಚ್ ಇಟ್ಟು, ಒಂದೇ ಕೇಬಲ್‌ನ ಎರಡೂ ತುದಿ ಅದಕ್ಕೇ ಚುಚ್ಚಿದರು ಅಂದುಕೊಳ್ಳಿ. ಆ ಸ್ವಿಚ್‌ಗೆ ಎಸ್‌ಟಿಪಿ ಗೊತ್ತಿಲ್ಲ. ಆದರೆ ಇಂಥ ಬಹಳಷ್ಟು ಸ್ವಿಚ್‌ಗಳು ಬಿಪಿಡಿಯುವನ್ನು ಹಾಗೇ ದಾಟಿಸುತ್ತವೆ. ನಿಮ್ಮ ದೊಡ್ಡ ಸ್ವಿಚ್ ಕಳಿಸಿದ ಬಿಪಿಡಿಯು ಅದರ ಬಳಿಗೇ ವಾಪಸ್ ಬರುತ್ತದೆ, ಗಾರ್ಡ್ ಪೋರ್ಟ್ ಮುಚ್ಚುತ್ತದೆ. ಪೋರ್ಟ್‌ಫಾಸ್ಟ್ ಇದ್ದೂ ಬಿಪಿಡಿಯು ಹೊರಟಿದ್ದರಿಂದಲೇ ಇದು ಸಾಧ್ಯ, ಅಲ್ವಾ?

ನಿಜವಾಗಿ ಎಸ್‌ಟಿಪಿ ಆಫ್ ಮಾಡುವುದು ಬಿಪಿಡಿಯು ಫಿಲ್ಟರ್. ಪೋರ್ಟಿನ ಮೇಲೆ ಅದನ್ನು ನೇರ ಹಾಕಿದರೆ ಬಿಪಿಡಿಯು ಕಳಿಸುವುದೂ ಇಲ್ಲ, ಬಂದದ್ದನ್ನು ನೋಡುವುದೂ ಇಲ್ಲ. ಹೆಸರು ಗಾರ್ಡ್ ಥರಾನೇ ಕೇಳಿಸುತ್ತದೆ ಅಂತ ಎರಡನ್ನೂ ಒಟ್ಟಿಗೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಫಿಲ್ಟರ್ ಇದ್ದರೆ ಗಾರ್ಡ್‌ಗೆ ಕಾಣಲು ಏನೂ ಉಳಿಯುವುದಿಲ್ಲ.

'ನಮ್ಮದು ರ‍್ಯಾಪಿಡ್ ಎಸ್‌ಟಿಪಿ, ಇದೆಲ್ಲ ಬೇಡ' ಅನ್ನುವುದೂ ತಪ್ಪು. ರ‍್ಯಾಪಿಡ್‌ನ ವೇಗ ಬರುವುದು ಆ ಕಡೆ ಇರುವ ಸ್ವಿಚ್ ಒಪ್ಪಿಗೆ ಕೊಟ್ಟಾಗ. ಪಿಸಿ ಎಲ್ಲಿಂದ ಒಪ್ಪಿಗೆ ಕೊಡುತ್ತದೆ? ಎಡ್ಜ್ ಅಂತ ಹೇಳದಿದ್ದರೆ ಅಲ್ಲೂ ಅದೇ 30 ಸೆಕೆಂಡ್.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ನಿಮ್ಮ ರೂಟ್ ಬ್ರಿಡ್ಜ್, ಅಂದರೆ ಎಸ್‌ಟಿಪಿ ಲೆಕ್ಕಕ್ಕೆ ಕೇಂದ್ರವಾಗುವ ಸ್ವಿಚ್, ಯಾವುದು? ಪ್ರಯಾರಿಟಿ ಸಂಖ್ಯೆ ಚಿಕ್ಕದಿರುವ ಸ್ವಿಚ್ ರೂಟ್ ಆಗುತ್ತದೆ; ಯಾರೂ ಅದನ್ನು ಬದಲಿಸಿಲ್ಲದಿದ್ದರೆ ಎಲ್ಲ ಸ್ವಿಚ್‌ಗಳಲ್ಲೂ 32768 ಇರುತ್ತದೆ. ಆಗ ಮ್ಯಾಕ್ ಅಡ್ರೆಸ್ (ಹಾರ್ಡ್‌ವೇರ್ ವಿಳಾಸ) ಚಿಕ್ಕದಿರುವ ಸ್ವಿಚ್ ರೂಟ್ ಆಗುತ್ತದೆ. ಹೀಗಾಗಿ ಮೂಲೆಯಲ್ಲಿರುವ ಹಳೆಯ ಸ್ವಿಚ್ ರೂಟ್ ಆಗಿ, ಇಡೀ ಕಟ್ಟಡದ ಟ್ರಾಫಿಕ್ ಅದರ ಮೂಲಕ ಸುತ್ತಿಕೊಂಡು ಹೋಗುತ್ತಿರಬಹುದು. ಕೋರ್ ಸ್ವಿಚ್‌ಗೆ 4096, ಅದರ ಜೋಡಿಗೆ 8192 ಕೊಡಿ. ಸಂಖ್ಯೆ 4096ರ ಗುಣಕದಲ್ಲೇ ಇರಬೇಕು. 'ಶೋ ಸ್ಪ್ಯಾನಿಂಗ್-ಟ್ರೀ' ಕೊಟ್ಟಾಗ ವಿಲ್ಯಾನ್ (ಸ್ವಿಚ್ ಒಳಗೆ ಬೇರ್ಪಡಿಸಿದ ನೆಟ್‌ವರ್ಕ್) 1ಕ್ಕೆ 4097 ಕಂಡರೆ ಗಾಬರಿ ಬೇಡ, ವಿಲ್ಯಾನ್ ನಂಬರ್ ಸೇರಿಸಿ ತೋರಿಸುತ್ತದೆ ಅಷ್ಟೇ. ಈ ಬದಲಾವಣೆ ಮಾತ್ರ ಆಫೀಸ್ ಟೈಮಿನಲ್ಲಿ ಬೇಡ. ರೂಟ್ ಬದಲಾಗುವಾಗ ಸ್ವಿಚ್‌ಗಳ ನಡುವಿನ ಲಿಂಕುಗಳೂ ಸ್ವಲ್ಪ ಹೊತ್ತು ನಿಲ್ಲಬಹುದು.