ಸಿಸ್ಟರ್ ಯಾಕೆ ಮಲದ ಬಣ್ಣ ಕೇಳ್ತಾರೆ?

ಹಾಸನದ ಸರ್ಕಾರಿ ಆಸ್ಪತ್ರೆಯ ಮೆಡಿಸಿನ್ ವಾರ್ಡಿನಲ್ಲಿ ಬೆಳಗಿನ ಪಾಳಿಯ ಸಿಸ್ಟರುಗಳು ಕೇಳುವ ಪ್ರಶ್ನೆಗಳನ್ನು ಸುಮ್ನೆ ಕಿವಿಗೆ ಹಾಕಿಕೊಳ್ಳಬೇಕು. "ಅಜ್ಜಿ, ಕಕ್ಕಸು ಯಾವ ಬಣ್ಣ ಇತ್ತು?" "ಯಜಮಾನ್ರೇ, ರಾತ್ರಿಯಿಂದ ಎಷ್ಟು ಸಲ ಹೋದ್ರಿ?" "ಕಾಲ್ಬೆರಳ ಸಂದು ತೋರ್ಸಿ ತಾಯಿ." "ಎರಡೂ ಕೈ ಮುಂದಕ್ಕೆ ಚಾಚಿ, ಹಾಗೇ ಹಿಡ್ಕೊಳ್ಳಿ." ಸಕಲೇಶಪುರದ ತೋಟದಿಂದ ಬಂದವರಿರಲಿ, ಅರಸೀಕೆರೆ ಕಡೆಯವರಿರಲಿ, ಮೊದಲ ದಿನ ಎಲ್ಲರಿಗೂ ಮುಜುಗರ. ಇದನ್ನೆಲ್ಲ ಕೇಳಬೇಕಾ ಅನ್ನಿಸುತ್ತದೆ. ಕೇಳಲೇಬೇಕು. ಡಾಕ್ಟರು ರೌಂಡ್ಸಿಗೆ ಬಂದು ಹೋಗುತ್ತಾರೆ, ಉಳಿದ ಹೊತ್ತೆಲ್ಲ ರೋಗಿಯ ಮೇಲೆ ಕಣ್ಣಿಟ್ಟಿರುವುದು ಸಿಸ್ಟರ್. ಸಕ್ಕರೆ ಕಾಯಿಲೆ, ಲಿವರ್, ಪಿತ್ತಕೋಶ, ಮೇದೋಜೀರಕದ ತೊಂದರೆಗಳಲ್ಲಿ ಪರಿಸ್ಥಿತಿ ಹದಗೆಡುತ್ತಿದೆ ಅನ್ನುವ ಮೊದಲ ಸುಳಿವು ಎಷ್ಟೋ ಸಲ ಸಿಗುವುದು ಇಂಥ ಪ್ರಶ್ನೆಗಳಿಂದಲೇ.

ಮಲದ ಬಣ್ಣದಿಂದಲೇ ಶುರು ಮಾಡೋಣ.

ಬಲಗಡೆ ಪಕ್ಕೆಲುಬಿನ ಅಡಿಯಲ್ಲಿ ಲಿವರ್ ಇದೆ. ತೂಕ ಹತ್ತಿರ ಹತ್ತಿರ ಒಂದೂವರೆ ಕೆ.ಜಿ. ಅದರ ತಳಕ್ಕೆ ಅಂಟಿಕೊಂಡ ಪುಟ್ಟ ಚೀಲವೇ ಪಿತ್ತಕೋಶ. ಅದರಲ್ಲಿ 30ರಿಂದ 50 ಮಿಲಿ ಪಿತ್ತರಸ ಹಿಡಿಸುತ್ತದೆ, ಅಷ್ಟೇ. ಜಠರದ ಹಿಂದೆ ಅಡ್ಡಲಾಗಿ ಮಲಗಿರುವುದು ಮೇದೋಜೀರಕ ಗ್ರಂಥಿ, ಉದ್ದ ಸುಮಾರು 15 ಸೆಂ.ಮೀ. ಲಿವರಿನಿಂದ ಬರುವ ಪಿತ್ತದ ನಾಳ, ಮೇದೋಜೀರಕದಿಂದ ಬರುವ ನಾಳ, ಎರಡೂ ಕೊನೆಯಲ್ಲಿ ಕೂಡಿಕೊಂಡು ಒಂದೇ ಸಣ್ಣ ಬಾಯಿಯಿಂದ ಕರುಳಿಗೆ ಬೀಳುತ್ತವೆ. ಎರಡು ಕಾಲುವೆಗೆ ಒಂದೇ ತೂಬು ಇದ್ದ ಹಾಗೆ. ಪಿತ್ತಕೋಶದ ಒಂದು ಕಲ್ಲು ಜಾರಿ ಬಂದು ಆ ತೂಬಿನಲ್ಲಿ ಕೂತರೆ ಲಿವರಿಗೂ ಸಂಕಟ, ಮೇದೋಜೀರಕಕ್ಕೂ ಸಂಕಟ.

ನಮ್ಮ ರಕ್ತದ ಕೆಂಪು ಕಣಗಳ ಆಯಸ್ಸು ಸುಮಾರು 120 ದಿನ. ಅವು ಸತ್ತಾಗ ಬಿಲಿರುಬಿನ್ ಅನ್ನುವ ಹಳದಿ ವಸ್ತು ಉಳಿಯುತ್ತದೆ. ಲಿವರ್ ಅದನ್ನು ಪಿತ್ತರಸದ ಜತೆ ಕರುಳಿಗೆ ಕಳಿಸುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಬದಲಾಯಿಸುತ್ತವೆ, ಮಲಕ್ಕೆ ಕಂದು ಬಣ್ಣ ಬರುವುದು ಹೀಗೆ. ದಾರಿ ಕಟ್ಟಿದರೆ? ಬಣ್ಣ ಕರುಳಿಗೆ ಇಳಿಯುವುದೇ ಇಲ್ಲ. ಮಲ ಬಿಳಿಚಿಕೊಂಡು ಜೇಡಿಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಬಿಲಿರುಬಿನ್ ರಕ್ತಕ್ಕೆ ವಾಪಸ್ ಬಂದು ಮೂತ್ರದಲ್ಲಿ ಹೋಗುತ್ತದೆ, ಮೂತ್ರ ಕಡುಬಣ್ಣಕ್ಕೆ ಬರುತ್ತದೆ. ಮೈಯೆಲ್ಲ ನವೆ. ಅಂದರೆ ಮಲದ ಬಣ್ಣ ಕೇಳಿದ ಸಿಸ್ಟರ್ ಆ ಒಂದೇ ಪ್ರಶ್ನೆಯಲ್ಲಿ, "ಈ ಕಾಮಾಲೆ ಲಿವರಿನ ಒಳಗಿನದ್ದೋ, ನಾಳ ಕಟ್ಟಿ ಬಂದದ್ದೋ?" ಅಂತ ತೂಗಿ ನೋಡುತ್ತಿರುತ್ತಾರೆ. ಖಚಿತವಾಗಿ ಹೇಳುವುದು ಸ್ಕ್ಯಾನಿಂಗೇ. ಆದರೆ ಯಾರಿಗೆ ಬೇಗ ಸ್ಕ್ಯಾನಿಂಗ್ ಬೇಕು ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

ನಮ್ಮ ಮಲೆನಾಡಿನಲ್ಲಿ ಕಾಮಾಲೆ ಅಂದರೆ ಮೊದಲು ನೆನಪಾಗುವುದು ನಾಟಿ ಮದ್ದು. ಬೆಳಗ್ಗೆ ಖಾಲಿ ಹೊಟ್ಟೆಗೆ ಕೊಡುತ್ತಾರೆ, ಒಂದಷ್ಟು ದಿನ ಪಥ್ಯ, ಆಮೇಲೆ ವಾಸಿ. ವಾಸಿಯಾಗುವುದೂ ನಿಜ. ಯಾಕೆಂದರೆ ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ತಾನಾಗಿಯೇ ಗುಣವಾಗುತ್ತದೆ. ಮದ್ದು ಕೊಟ್ಟರೂ ಗುಣ, ಕೊಡದಿದ್ದರೂ ಗುಣ, ಹೆಸರು ಮಾತ್ರ ಮದ್ದಿಗೆ. ತೊಂದರೆ ಬರುವುದು ಕಲ್ಲು ಕಟ್ಟಿದ ಕಾಮಾಲೆಗೂ ಅದೇ ಮದ್ದು ಕುಡಿಸುತ್ತಾ ಕೂತಾಗ. ಕಾಮಾಲೆ ಜತೆ ಚಳಿ ನಡುಗಿಸುವ ಜ್ವರ, ಬಲಗಡೆ ಹೊಟ್ಟೆನೋವು, ಈ ಮೂರೂ ಸೇರಿದರೆ ಕಟ್ಟಿದ ನಾಳದಲ್ಲಿ ಸೋಂಕು ಆಗಿರಬಹುದು. ಅದಕ್ಕೆ ಪಥ್ಯ ಸಾಲುವುದಿಲ್ಲ, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಬಸುರಿಯರಿಗೆ ಕಾಮಾಲೆ ಬಂದರಂತೂ ಕಾಯುವ ಮಾತೇ ಇಲ್ಲ, ಹೆಪಟೈಟಿಸ್ ಇ ಅವರಿಗೆ ಪ್ರಾಣಕ್ಕೇ ಕುತ್ತು ತರಬಹುದು. ಇನ್ನು ಪಥ್ಯದ ವಿಷಯ. ಉಪ್ಪು ಬೇಡ, ಎಣ್ಣೆ ಬೇಡ, ಹಳದಿ ಅಂತ ಅರಿಶಿನವೂ ಬೇಡ ಎಂದು ತಿಂಗಳುಗಟ್ಟಲೆ ಬರೀ ಗಂಜಿ ಹಾಕಿ ಸೊರಗಿಸುವುದನ್ನು ನಾನಂತೂ ಒಪ್ಪುವುದಿಲ್ಲ. ವಾಂತಿ ಬಾರದಂತೆ ಸ್ವಲ್ಪ ಸ್ವಲ್ಪವಾಗಿ ಮಾಮೂಲಿ ಊಟ ಮಾಡಬಹುದು. ಸಾರಾಯಿ ಮಾತ್ರ ಖಂಡಿತ ಬೇಡ. ಜ್ವರ ಬಂತು ಅಂತ ಡಾಕ್ಟರನ್ನು ಕೇಳದೆ ಪ್ಯಾರಾಸಿಟಮಾಲ್ ನುಂಗುವುದೂ ಬೇಡ.

ಲಿವರ್ ಪೂರ್ತಿ ಗಟ್ಟಿಕಟ್ಟಿದವರ ಕತೆ ಬೇರೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕಾಲು ಊದುತ್ತದೆ. ಇಂಥವರನ್ನು ಸಿಸ್ಟರ್ ದಿನಾ ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ, ಅದೇ ತಕ್ಕಡಿಯಲ್ಲಿ ತೂಗುತ್ತಾರೆ. ಹೊಕ್ಕುಳಿನ ಮಟ್ಟದಲ್ಲಿ ಟೇಪ್ ಸುತ್ತಿ ಅಳೆಯುತ್ತಾರೆ. ಇವತ್ತು ಒಂದು ಕಡೆ, ನಾಳೆ ಇನ್ನೊಂದು ಕಡೆ ಅಳೆದರೆ ಲೆಕ್ಕ ಕೆಡುತ್ತದಲ್ವಾ, ಅದಕ್ಕೇ ಹೊಟ್ಟೆಯ ಎರಡೂ ಬದಿ ಪೆನ್ನಿನಲ್ಲಿ ಗೆರೆ ಎಳೆದಿರುತ್ತಾರೆ. ಉಪ್ಪು ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚ. ಸಾರಿಗೆ ಉಪ್ಪು ಕಮ್ಮಿ ಹಾಕಿ ಪಕ್ಕದಲ್ಲಿ ಮಾವಿನಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು ಇಟ್ಟರೆ ಏನು ಬಂತು?

"ಎಷ್ಟು ಸಲ ಹೋದ್ರಿ?" ಅನ್ನುವ ಪ್ರಶ್ನೆ ಇವರಿಗಾಗಿ. ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ಅಮೋನಿಯಾ ತಯಾರಿಸುತ್ತವೆ. ಗಟ್ಟಿಮುಟ್ಟಾದ ಲಿವರ್ ಅದನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಹೊರಗೆ ಹಾಕಿಸುತ್ತದೆ. ಸೋತ ಲಿವರಿನಿಂದ ಅದು ಆಗುವುದಿಲ್ಲ, ಅಮೋನಿಯಾ ಮೆದುಳಿಗೆ ಏರುತ್ತದೆ. ಮೊದಲ ಲಕ್ಷಣ ನಿದ್ದೆ ತಲೆಕೆಳಗಾಗುವುದು: ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ. ಆಮೇಲೆ ಮಾತು ತಪ್ಪುತ್ತದೆ, ಮಗನನ್ನು ತಮ್ಮ ಅನ್ನುತ್ತಾರೆ. ಕೈ ಚಾಚಿ ಮಣಿಕಟ್ಟು ಹಿಂದಕ್ಕೆ ಬಾಗಿಸಿ ಹಿಡಿದರೆ ಕೈ ನಿಲ್ಲುವುದಿಲ್ಲ, ಪಟಪಟ ಅಂತ ಬಿದ್ದು ಏಳುತ್ತದೆ. ಕೆಲವು ಸಿಸ್ಟರುಗಳು ದಿನಾ ಒಂದು ಹಾಳೆಯಲ್ಲಿ ರೋಗಿಯಿಂದ ಹೆಸರು ಬರೆಸುತ್ತಾರೆ. ನಿನ್ನೆ ನೆಟ್ಟಗಿದ್ದ ಸಹಿ ಇವತ್ತು ಸೊಟ್ಟಗಾಗಿದ್ದರೆ ಡಾಕ್ಟರಿಗೆ ಫೋನ್ ಹೋಗುತ್ತದೆ. ಇದಕ್ಕೆ ಕೊಡುವ ಸಿಹಿ ಸಿರಪ್ಪು ಲ್ಯಾಕ್ಟುಲೋಸ್. ಮನೆಯವರು ಅದನ್ನು ಮಲಬದ್ಧತೆಯ ಔಷಧಿ ಅಂದುಕೊಂಡು, "ಸಲೀಸಾಗಿ ಆಗ್ತಿದೆ, ಇನ್ನ್ಯಾಕೆ?" ಅಂತ ನಿಲ್ಲಿಸಿಬಿಡುತ್ತಾರೆ. ಅದರ ಕೆಲಸ ಬೇರೆ. ಅದು ಕರುಳನ್ನು ಹುಳಿ ಮಾಡಿ ಅಮೋನಿಯಾ ರಕ್ತಕ್ಕೆ ಹೋಗದಂತೆ ಹಿಡಿದು ಹೊರಗೆ ಕಳಿಸುತ್ತದೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಆಗಬೇಕು. ಒಂದೇ ಸಲ ಆದರೆ ಔಷಧಿ ಸಾಲದು. ಆರೇಳು ಸಲ ಆದರೆ ಮೈಯ ನೀರು ಹೋಗಿ ಮತ್ತೆ ಮಂಪರು. ಅದಕ್ಕೇ ಆ ಎಣಿಕೆ. ನಿದ್ದೆ ಬರುತ್ತಿಲ್ಲ ಅಂತ ಇವರಿಗೆ ನಿದ್ದೆ ಮಾತ್ರೆ ಕೊಡಬೇಡಿ. ಬೇಳೆ, ಮೊಟ್ಟೆ, ಹಾಲು ಬಿಡಿಸಬೇಕು ಅನ್ನುವುದು ಹಳೇ ಮಾತು. ಈಗ ಮಾಂಸಖಂಡ ಕರಗದಿರಲಿ ಅಂತ ಪ್ರೋಟೀನ್ ಜಾಸ್ತಿಯೇ ಕೊಡಿಸುತ್ತಾರೆ. ರಾತ್ರಿ ಮಲಗುವ ಮುಂಚೆ ಒಂದು ಅಕ್ಕಿರೊಟ್ಟಿಯೋ, ಒಂದು ಲೋಟ ಹಾಲೋ ಹೊಟ್ಟೆಗೆ ಬಿದ್ದರೆ ಒಳ್ಳೆಯದು.

ಈಗ ಸಕ್ಕರೆ ಕಾಯಿಲೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಅದಕ್ಕೆ ಮೊದಲು ಇಂಥ ಮಕ್ಕಳಿಗೆ ಉಪವಾಸವೇ ಚಿಕಿತ್ಸೆ. ಇವತ್ತು ಇನ್ಸುಲಿನ್ ತಾಲ್ಲೂಕು ಕೇಂದ್ರದ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ, ಎಡವಟ್ಟುಗಳೂ ಜತೆಗೇ ಸಿಗುತ್ತವೆ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಗೆ 40 ಯೂನಿಟ್ಟಿನದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್ಟಿನದೂ ಇದೆ, ಅದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 20 ಯೂನಿಟ್ ಅಲ್ಲ, 50. ಒಳ್ಳೆಯ ಸಿಸ್ಟರ್ ಡಿಸ್ಚಾರ್ಜ್ ದಿನ ಮನೆಯವರ ಕೈಯಲ್ಲೇ ಬಾಟಲಿ, ಸಿರಿಂಜ್ ಕೊಟ್ಟು ಎಳೆಸಿ ನೋಡುವುದು ಇದಕ್ಕೇ. ಮೋಡದಂತೆ ಬೆಳ್ಳಗಿರುವ ಇನ್ಸುಲಿನ್ ಬಾಟಲಿಯನ್ನು ಅಲುಗಾಡಿಸಬಾರದು, ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು. ದಿನಾ ಒಂದೇ ಜಾಗಕ್ಕೆ ಚುಚ್ಚಿದರೆ ಅಲ್ಲಿ ಗಂಟು ಕಟ್ಟುತ್ತದೆ, ಗಂಟಿಗೆ ಚುಚ್ಚಿದ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಶುಗರ್ ಒಂದು ದಿನ ಮೇಲೆ, ಒಂದು ದಿನ ಕೆಳಗೆ ಅನ್ನುವವರ ಹೊಟ್ಟೆಯನ್ನು ಬೆರಳಲ್ಲಿ ಸವರಿ ನೋಡಿದರೆ ಎಷ್ಟೋ ಸಲ ಗಂಟು ಕೈಗೆ ಸಿಗುತ್ತದೆ. ಮಳೆಗಾಲದಲ್ಲಿ ಮೂಡಿಗೆರೆ, ಕೊಪ್ಪ ಕಡೆ ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ. ಫ್ರಿಜ್ ನಿಂತರೆ ಗಾಬರಿ ಬೇಡ. ಬಳಸುತ್ತಿರುವ ಬಾಟಲಿ ಮನೆಯ ತಂಪು ಮೂಲೆಯಲ್ಲಿ ಸುಮಾರು 28 ದಿನ ಇರುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ. ಫ್ರೀಜರಿನಲ್ಲಿ ಹೆಪ್ಪುಗಟ್ಟಿದ್ದು ಕರಗಿದರೂ ಬಳಸುವ ಹಾಗಿಲ್ಲ.

ರಾಗಿ ಮುದ್ದೆ ತಿಂದರೆ ಶುಗರ್ ಏರಲ್ಲ ಅನ್ನುವ ನಂಬಿಕೆ ಹಾಸನದ ಬಯಲುಸೀಮೆ ಕಡೆ ಗಟ್ಟಿಯಾಗಿದೆ. ರಾಗಿಯಲ್ಲಿ ನಾರು ಇದೆ, ಸರಿ. ಪಿಷ್ಟವೂ ಧಾರಾಳವಾಗಿದೆ. ಮುದ್ದೆಯ ಗಾತ್ರ ಕಮ್ಮಿ ಮಾಡಿ ಬಸ್ಸಾರಿನ ಸೊಪ್ಪು, ಕಾಳು ಜಾಸ್ತಿ ಮಾಡಿಕೊಳ್ಳುವುದೇ ದಾರಿ.

ಕಾಲಿನ ವಿಷಯಕ್ಕೆ ಬಂದರೆ ನಮ್ಮ ಕಾಫಿ ತೋಟಗಳಿಗೆ ಅದರದ್ದೇ ಕಷ್ಟಗಳಿವೆ. ಶುಗರ್ ವರ್ಷಗಟ್ಟಲೆ ಜಾಸ್ತಿ ಇದ್ದರೆ ಪಾದದ ನರಗಳು ಸಾಯುತ್ತವೆ. ಮುಳ್ಳು ಹೊಕ್ಕರೂ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ದಿನವಿಡೀ ಒದ್ದೆ ಕಾಲು, ಬೆರಳ ಸಂದಿನಲ್ಲಿ ಕೆಸರುಹುಣ್ಣು, ಜಿಗಣೆ ಕಚ್ಚಿದ ಜಾಗ ಕೆರೆದು ಕೆರೆದು ಆದ ಗಾಯ. ಸಂಜೆ ಚಳಿಗೆ ಬಚ್ಚಲೊಲೆಯ ಮುಂದೆ ಕಾಲು ಚಾಚಿ ಕೂತರೆ ಚರ್ಮ ಸುಟ್ಟು ಬೊಬ್ಬೆ ಎದ್ದರೂ ಅರಿವಿಲ್ಲ. ಬಿಸಿನೀರಿನ ಹದವನ್ನು ಕಾಲಿಂದ ನೋಡಬಾರದು, ಮೊಣಕೈಯಿಂದ ನೋಡಬೇಕು. ಗಮ್ ಬೂಟನ್ನು ಹಾಕುವ ಮುಂಚೆ ತಲೆಕೆಳಗು ಮಾಡಿ ಕೊಡವಬೇಕು, ಒಳಗಿನ ಒಂದು ಕಾಫಿ ಬೀಜ ಸಂಜೆಯೊಳಗೆ ಹುಣ್ಣು ಮಾಡಬಲ್ಲದು. ರಾತ್ರಿ ಕಾಲು ತೊಳೆದು ಸಂದುಗಳನ್ನು ಒರೆಸಿ ಒಣಗಿಸಿ, ಪಾದದ ಅಡಿಯನ್ನು ಕನ್ನಡಿ ಹಿಡಿದು ನೋಡಿಕೊಳ್ಳಬೇಕು. ಕಣ್ಣು ಮಂದವಿದ್ದರೆ ಸೊಸೆಯೋ ಮೊಮ್ಮಗನೋ ನೋಡಲಿ. ಕೊಬ್ಬರಿ ಎಣ್ಣೆ ಹಿಮ್ಮಡಿಗೆ ಒಳ್ಳೆಯದು, ಸಂದುಗಳಿಗೆ ಬೇಡ. ಆಣಿಯನ್ನು ಬ್ಲೇಡಿನಲ್ಲಿ ಕೆತ್ತಿಕೊಳ್ಳಬಾರದು. ನೋವಿಲ್ಲದ ಗಾಯ ಅಂತ ಅಸಡ್ಡೆ ಮಾಡುವವರೇ ಹೆಚ್ಚು, ಆದರೆ ಈ ಕಾಯಿಲೆಯಲ್ಲಿ ನೋವಿಲ್ಲದಿರುವುದೇ ಅಪಾಯ.

ಪಿತ್ತಕೋಶ ತೆಗೆಸಿಕೊಂಡವರ ಆರೈಕೆ ಇಷ್ಟು ಕಷ್ಟದ್ದಲ್ಲ. ಈಗ ಸಾಮಾನ್ಯವಾಗಿ ಸಣ್ಣ ತೂತುಗಳ ಆಪರೇಷನ್. ಆಪರೇಷನ್ ಆಗಿದ್ದು ಹೊಟ್ಟೆಗೆ, ನೋಯುವುದು ಬಲಭುಜ ಅಂತ ಜನ ಹೆದರುತ್ತಾರೆ. ಹೊಟ್ಟೆ ಉಬ್ಬಿಸಲು ತುಂಬಿದ ಗ್ಯಾಸ್ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯನ್ನು, ಕೆಣಕುತ್ತದೆ, ಅದರ ನರ ಕುತ್ತಿಗೆಯಿಂದ ಬರುವುದರಿಂದ ನೋವು ಭುಜದಲ್ಲಿ ಕಾಣುತ್ತದೆ. ಎದ್ದು ಓಡಾಡಿದರೆ ಕಮ್ಮಿಯಾಗುತ್ತದೆ. ಮತ್ತೆ ಕಾಮಾಲೆ, ಜ್ವರ, ಏರುತ್ತಲೇ ಹೋಗುವ ಹೊಟ್ಟೆನೋವು ಬಂದರೆ ಮಾತ್ರ ತಡಮಾಡದೆ ತೋರಿಸಬೇಕು.

ಮೇದೋಜೀರಕದ ಉರಿಯೂತ ಹಾಗಲ್ಲ. ಕುಡಿತ ಮತ್ತು ಪಿತ್ತಕಲ್ಲು, ಇವೆರಡೇ ಅದರ ದೊಡ್ಡ ಕಾರಣಗಳು. ಹೊಟ್ಟೆಯ ಮೇಲ್ಭಾಗದಲ್ಲಿ ಎದ್ದ ನೋವು ಬೆನ್ನಿಗೆ ತೂರುತ್ತದೆ, ರೋಗಿ ಮುಂದಕ್ಕೆ ಬಾಗಿ ಮೊಣಕಾಲು ಅಪ್ಪಿಕೊಂಡು ಕೂರುತ್ತಾನೆ. ಆಹಾರ ಅರಗಿಸಬೇಕಾದ ರಸ ಗ್ರಂಥಿಯನ್ನೇ ಅರಗಿಸತೊಡಗಿರುತ್ತದೆ. ರಕ್ತನಾಳಗಳಿಂದ ನೀರು ಸೋರಿ ಹೋಗುವುದರಿಂದ ಡ್ರಿಪ್ ಹಾಕುತ್ತಾರೆ, ಸಿಸ್ಟರ್ ಗಂಟೆಗೊಮ್ಮೆ ಮೂತ್ರ ಅಳೆಯುತ್ತಾರೆ. 60 ಕೆ.ಜಿ. ತೂಕದವರಿಗೆ ಗಂಟೆಗೆ 30 ಮಿಲಿಗಿಂತ ಕಮ್ಮಿ ಬಂದರೆ ಕಿಡ್ನಿ ಸೋಲುತ್ತಿದೆ ಎಂದು ಎಚ್ಚರವಾಗುತ್ತಾರೆ. ಇಲ್ಲೊಂದು ಸೂಕ್ಷ್ಮ ಇದೆ. ಬಿ.ಪಿ. ನೋಡಲು ಪಟ್ಟಿ ಬಿಗಿದು ಸ್ವಲ್ಪ ಹೊತ್ತು ಹಿಡಿದಾಗ ರೋಗಿಯ ಬೆರಳುಗಳು ತಾವಾಗಿಯೇ ಕೂಡಿಕೊಂಡು ಮಣಿಕಟ್ಟು ಒಳಗೆ ಮುರುಟಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿದೆ ಎಂದರ್ಥ. ಲ್ಯಾಬ್ ರಿಪೋರ್ಟ್ ಬರುವ ಮೊದಲೇ ಗೊತ್ತಾಗುವ ಸಂಗತಿ ಇದು, ನೋಡುವ ಕಣ್ಣಿರಬೇಕು ಅಷ್ಟೇ. ಮೊದಲೆಲ್ಲ ವಾರಗಟ್ಟಲೆ ಬಾಯಿಗೆ ಏನೂ ಕೊಡುತ್ತಿರಲಿಲ್ಲ. ಈಗ ವಾಂತಿ ನಿಂತು ಹಸಿವಾದರೆ ಒಂದೆರಡು ದಿನದಲ್ಲೇ ಊಟ ಶುರು ಮಾಡಿಸುತ್ತಾರೆ.

ಈ ಉರಿಯೂತ ಮತ್ತೆ ಮತ್ತೆ ಬಂದು ಗ್ರಂಥಿ ಹಾಳಾದರೆ ಸಕ್ಕರೆ ಕಾಯಿಲೆ ಬರುತ್ತದೆ. ಅದು ಮಹಾ ಚಂಚಲ. ಯಾಕೆಂದರೆ ಶುಗರ್ ಇಳಿಸುವ ಇನ್ಸುಲಿನ್ ಜತೆಗೆ, ಬಿದ್ದ ಶುಗರನ್ನು ಎತ್ತುವ ಗ್ಲೂಕಗಾನ್ ತಯಾರಾಗುವುದೂ ಅಲ್ಲೇ. ಎರಡೂ ಹೋದವರಿಗೆ ಶುಗರ್ ಬಿದ್ದರೆ ಬಿದ್ದಂತೆಯೇ.

ತೋಟದ ಲೈನ್ ಮನೆಗಳಲ್ಲಿ ಬಟವಾಡೆ ಆದ ರಾತ್ರಿ ಇದು ನಡೆಯುತ್ತದೆ. ಇನ್ಸುಲಿನ್ನೋ ಮಾತ್ರೆಯೋ ತಗೊಂಡು, ಊಟ ಬಿಟ್ಟು ಕುಡಿದಿರುತ್ತಾರೆ. ಲಿವರ್ ಸಾರಾಯಿ ಕರಗಿಸುವ ಕೆಲಸಕ್ಕೆ ನಿಂತರೆ ಹೊಸ ಗ್ಲೂಕೋಸ್ ತಯಾರಿಸುವುದು ಕುಂಠಿತವಾಗುತ್ತದೆ. ಬೆಳಗಿನ ಜಾವಕ್ಕೆ ಶುಗರ್ ತಳ ಕಾಣುತ್ತದೆ. ಬೆವರು, ತೊದಲು, ತೂರಾಟ, ಆಮೇಲೆ ಮಂಪರು. ಬಾಯಲ್ಲಿ ವಾಸನೆ ಬೇರೆ. "ಕುಡ್ದು ಮಲಗವ್ನೆ, ಬಿಸ್ಲು ಬಂದ್ರೆ ಎದ್ದೇಳ್ತಾನೆ ಬುಡಿ" ಅನ್ನುತ್ತಾರೆ ಮನೆಯವರು. ತುರ್ತು ವಿಭಾಗದ ಸಿಸ್ಟರ್ ಮಾತ್ರ ಯಾರು ಏನೇ ಹೇಳಿದರೂ ಮೊದಲು ಬೆರಳು ಚುಚ್ಚುತ್ತಾರೆ. 70ಕ್ಕಿಂತ ಕಮ್ಮಿ ಇದ್ದು ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸುವುದು, 15 ನಿಮಿಷ ಬಿಟ್ಟು ಮತ್ತೆ ನೋಡುವುದು, ಏರಿದ ಮೇಲೆ ಊಟ. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹೊಯ್ಯಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಗ್ಲೂಕಗಾನ್ ಇಂಜೆಕ್ಷನ್ ಲಿವರಿನ ದಾಸ್ತಾನಿನಿಂದ ಸಕ್ಕರೆ ಹೊರಡಿಸುತ್ತದೆ, ಊಟವಿಲ್ಲದೆ ಕುಡಿದವರಲ್ಲಿ ಆ ದಾಸ್ತಾನೇ ಬರಿದು. ಹಾಗಾಗಿ ರಕ್ತನಾಳಕ್ಕೇ ಗ್ಲೂಕೋಸ್ ಹಾಕಬೇಕು. ಹಾಕಿದ ಸ್ವಲ್ಪ ಹೊತ್ತಿಗೆ ಎದ್ದು ಕೂತು, "ನಂಗೇನಾಗಿಲ್ಲ ಸಿಸ್ಟರ್, ಮನೆಗೆ ಬಿಡಿ" ಅನ್ನುತ್ತಾರೆ. ಬಿಡುವುದಿಲ್ಲ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗಿದವರಿಗೆ ಶುಗರ್ ಇನ್ನೊಮ್ಮೆ ಬೀಳಬಹುದು, ಅದಕ್ಕೆ ಒಂದು ದಿನವಾದರೂ ಉಳಿಸಿಕೊಂಡು ಬೆರಳು ಚುಚ್ಚುತ್ತಲೇ ಇರುತ್ತಾರೆ.