ಬೀಗ ಹಾಕಿದ ಮನೆಗೆ 3,476 ಲೀಟರ್ ನೀರು

ಬೆಂಗಳೂರಿನ ಪೂರ್ವ ಭಾಗದ 84 ಮನೆಗಳ ಅಪಾರ್ಟ್‌ಮೆಂಟೊಂದರ ಲೆಕ್ಕಪತ್ರಗಳನ್ನು ಪರಿಶೋಧಿಸುತ್ತಿದ್ದಾಗ, ನಿವೃತ್ತ ಮೇಷ್ಟ್ರೊಬ್ಬರು ತಮ್ಮ ನೀರಿನ ಬಿಲ್ಲು ಹಿಡಿದುಕೊಂಡು ನನ್ನ ಮೇಜಿನೆದುರು ಬಂದು ಕುಳಿತರು. ಅವರು ಇಡೀ ತಿಂಗಳು ಮನೆಗೆ ಬೀಗ ಹಾಕಿ ಶಿವಮೊಗ್ಗದಲ್ಲಿ ಮಗಳ ಮನೆಯಲ್ಲಿದ್ದರು. ನೀರಿನ ಮೀಟರು ಒಂದಂಕಿಯೂ ಕದಲಿರಲಿಲ್ಲ. ಬಿಲ್ಲಿನಲ್ಲಿ ಮಾತ್ರ ‘ಬಳಕೆ: 3,476 ಲೀಟರ್’ ಎಂದಿತ್ತು. “ಸ್ವಾಮಿ, ಈ ನೀರು ಕುಡಿದವರು ಯಾರು?” ಎಂಬ ಅವರ ಪ್ರಶ್ನೆಗೆ ಕಮಿಟಿಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಆ ತಿಂಗಳು ಕಾವೇರಿ ನೀರು 620 ಕಿಲೋಲೀಟರ್ (ಒಂದು ಕಿಲೋಲೀಟರ್ ಎಂದರೆ ಸಾವಿರ ಲೀಟರ್), ಬೋರ್‌ವೆಲ್ಲಿನದು 210, ಹನ್ನೆರಡು ಸಾವಿರ ಲೀಟರಿನ 70 ಟ್ಯಾಂಕರುಗಳದು 840, ಹೀಗೆ ಒಟ್ಟು 1,670 ಕಿಲೋಲೀಟರ್ ಬಂದಿದೆ ಎಂದು ಪುಸ್ತಕದಲ್ಲಿ ಬರೆದಿತ್ತು. ಆದರೆ ಎಲ್ಲ ಮನೆಗಳ ಮೀಟರುಗಳನ್ನು ಕೂಡಿದರೆ ಸಿಕ್ಕಿದ್ದು 1,378. ಉಳಿದ 292 ಕಿಲೋಲೀಟರನ್ನು ಬಿಲ್ಲಿಂಗ್ ಸಾಫ್ಟ್‌ವೇರ್ 84 ಮನೆಗಳಿಗೆ ಸಮನಾಗಿ ಹಂಚಿ, ಪ್ರತಿಯೊಬ್ಬರ ಬಳಕೆಯ ಕಾಲಮ್ಮಿಗೇ ಸೇರಿಸಿಬಿಟ್ಟಿತ್ತು. ನನ್ನ ಅನುಭವದಲ್ಲಿ ಅಪಾರ್ಟ್‌ಮೆಂಟಿನ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು ದರದಿಂದಲ್ಲ, ಹೀಗೆ ಹೆಸರಿಲ್ಲದೆ ಹಂಚಿಹೋಗುವ ವ್ಯತ್ಯಾಸದಿಂದ.

ನೆಲದಡಿಯ ಸಂಪ್ ತೊಟ್ಟಿಗೆ ನೀರಿಳಿಸುವ ಪೈಪಿಗೆ ಒಂದು ಮೀಟರು ಹಾಕಿಸಿ ನೋಡಿದಾಗ ಒಂದೊಂದು ಟ್ಯಾಂಕರಿನಿಂದ ಇಳಿಯುತ್ತಿದ್ದದ್ದು ಸುಮಾರು 10,600 ಲೀಟರ್ ಎಂದು ತಿಳಿಯಿತು. ಅಂದರೆ ವ್ಯತ್ಯಾಸದ ಮೂರನೆಯ ಒಂದು ಭಾಗ ಸೋರಿದ ನೀರೇ ಅಲ್ಲ, ಹಣ ಕೊಟ್ಟರೂ ಗೇಟಿನೊಳಗೆ ಬಾರದೆ ಉಳಿದ ನೀರು. ಇನ್ನೊಂದಿಷ್ಟು ತೋಟಕ್ಕೆ ಮತ್ತು ನೆಲ ತೊಳೆಯಲು ಹೋಗುತ್ತಿತ್ತು. ಆ ನಲ್ಲಿಗಳಿಗೆ ಮೀಟರಿರಲಿಲ್ಲ. ಒಂದು ಬ್ಲಾಕಿನ ಓವರ್‌ಹೆಡ್ ಟ್ಯಾಂಕಿನಲ್ಲಿ, ಅದು ತುಂಬಿದಾಗ ನೀರು ನಿಲ್ಲಿಸುವ ಬಾಲ್ ವಾಲ್ವ್ ಸಿಕ್ಕಿಕೊಂಡು ರಾತ್ರಿ ಹೊತ್ತು ನೀರು ಉಕ್ಕಿ ಮಳೆನೀರಿನ ಕೊಳವೆಗೆ ಸೇರುತ್ತಿದ್ದುದು ಕಾವಲುಗಾರನಿಗೆ ಗೊತ್ತಿತ್ತು, ಆದರೆ ಅವನನ್ನು ಯಾರೂ ಕೇಳಿರಲಿಲ್ಲ. ಇದರ ಜೊತೆಗೆ, ಯಾಂತ್ರಿಕ ಮೀಟರಿನ ಚಕ್ರ ತಿರುಗಲು ನೀರು ಒಂದು ಕನಿಷ್ಠ ವೇಗದಲ್ಲಿ ಹರಿಯಬೇಕು. ಫ್ಲಶ್ ಟ್ಯಾಂಕಿನಿಂದ ಹಗಲಿರುಳು ಜಿನುಗುವ ಸಣ್ಣ ಧಾರೆಯನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಮ್ಮ ಕಟ್ಟಡಗಳಲ್ಲಿ ಅಡುಗೆಮನೆಗೊಂದು, ಪ್ರತಿ ಬಚ್ಚಲಿಗೊಂದು ಎಂದು ಮೇಲಿನ ಟ್ಯಾಂಕಿನಿಂದ ಪ್ರತ್ಯೇಕ ಪೈಪುಗಳು ಇಳಿಯುವುದರಿಂದ ಒಂದೇ ಮನೆಗೆ ಮೂರು ನಾಲ್ಕು ಮೀಟರು ಬೇಕಾಗುತ್ತವೆ. ಒಂದು ನಿಂತುಹೋದರೂ ವ್ಯತ್ಯಾಸ ಬೆಳೆಯುತ್ತದೆ.

ವಿದ್ಯುತ್ತಿನ ಲೆಕ್ಕ ಇದಕ್ಕಿಂತ ಸರಳ, ಏಕೆಂದರೆ ಹೆಚ್ಚಿನ ಕಡೆ ಪ್ರತಿ ಮನೆಗೂ ಬೆಸ್ಕಾಂ ಮೀಟರೇ ಇರುತ್ತದೆ. ಲಿಫ್ಟ್, ಪಂಪು, ದಾರಿದೀಪ ಹಾಗೂ ಹೊತ್ತುಗೊತ್ತಿಲ್ಲದೆ ಓಡುವ ಕೊಳಚೆನೀರು ಶುದ್ಧೀಕರಣ ಘಟಕದ ಗಾಳಿಯೂದುವ ಬ್ಲೋವರುಗಳ ಬಿಲ್ಲು ಮಾತ್ರ ಅಸೋಸಿಯೇಷನ್ನಿಗೆ ಬರುತ್ತದೆ. ಗೃಹಜ್ಯೋತಿಯಿಂದ ಮನೆಯ ಬಿಲ್ಲು ಸೊನ್ನೆಯಾದವರಿಗೂ ಲಿಫ್ಟಿನ ಪಾಲು ತಪ್ಪುವುದಿಲ್ಲ. ಇಡೀ ಸಮುಚ್ಚಯಕ್ಕೆ ಒಂದೇ ಸಂಪರ್ಕ ಪಡೆದಿರುವಲ್ಲಿ, ಮನೆಯ ವಿದ್ಯುತ್ತು, ಜನರೇಟರಿನ ವಿದ್ಯುತ್ತು, ಸಾಮಾನ್ಯ ಜಾಗದ ವಿದ್ಯುತ್ತು ಈ ಮೂರನ್ನೂ ಬೇರೆಬೇರೆಯಾಗಿ ಅಳೆದು ಬೇರೆಬೇರೆಯಾಗಿಯೇ ಬಿಲ್ಲು ಮಾಡಬೇಕೆಂದು, ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ತಂದ ತಿದ್ದುಪಡಿ ಹೇಳುತ್ತದೆ. ನೀರಿಗೂ ಇಂಥದೊಂದು ನಿಯಮ ಇದ್ದಿದ್ದರೆ ಮೇಷ್ಟ್ರು ನನ್ನ ಬಳಿ ಬರುತ್ತಲೇ ಇರಲಿಲ್ಲವೇನೋ.

ಜನರೇಟರಿನ ದರ ಅನೇಕರಿಗೆ ದುಬಾರಿಯೆನಿಸುತ್ತದೆ. ಒಳ್ಳೆಯ ಲೋಡ್ ಇದ್ದಾಗ ಒಂದು ಲೀಟರ್ ಡೀಸೆಲಿನಿಂದ ಮೂರರಿಂದ ಮೂರೂವರೆ ಯೂನಿಟ್ ಬರುತ್ತದೆ. ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಂಡರೂ ಇಂಧನವೊಂದೇ ಯೂನಿಟ್ಟಿಗೆ 26ರಿಂದ 30 ರೂಪಾಯಿಯಾಗುತ್ತದೆ. ನಡುರಾತ್ರಿ ನಾಲ್ಕು ಫ್ಯಾನಿಗಾಗಿ ದೊಡ್ಡ ಯಂತ್ರ ಓಡಿದರೆ ಇನ್ನೂ ಹೆಚ್ಚು. ದರ ಸರಿಯೋ ತಪ್ಪೋ ಎಂದು ವಾದಿಸುವ ಮೊದಲು, ಆ ತಿಂಗಳ ಡೀಸೆಲ್ ರಸೀದಿಗಳನ್ನೂ ಜನರೇಟರ್ ಮೀಟರಿನ ಯೂನಿಟ್ಟುಗಳನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು.

ಸಾಮಾನ್ಯ ಖರ್ಚನ್ನು ಮನೆಗಿಷ್ಟು ಎಂದು ಹಂಚಬೇಕೋ, ಚದರಡಿಗಿಷ್ಟು ಎಂದೋ ಎಂಬುದು ಮುಗಿಯದ ವಾದ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮದ ಅಡಿಯಲ್ಲಿರುವ ಕಟ್ಟಡಗಳಲ್ಲಿ, ಸಾಮಾನ್ಯ ಜಾಗದಲ್ಲಿ ಪ್ರತಿ ಮನೆಗಿರುವ ಅವಿಭಜಿತ ಪಾಲಿನ ಪ್ರಮಾಣದಲ್ಲಿಯೇ ಸಾಮಾನ್ಯ ಖರ್ಚು ಬೀಳಬೇಕು. ಮೀಟರಿನಲ್ಲಿ ಅಳೆಯಬಹುದಾದ ಬಳಕೆಯನ್ನು ಅದರೊಳಗೆ ತುರುಕದಿರುವುದು ಕಮಿಟಿಯ ವಿವೇಕಕ್ಕೆ ಬಿಟ್ಟದ್ದು. ಜಿಎಸ್‌ಟಿಯ ದೃಷ್ಟಿಯಿಂದಲೂ ಇದು ಮುಖ್ಯ: ವಿದ್ಯುತ್ ಕಂಪನಿ ವಿಧಿಸಿದಷ್ಟನ್ನೇ ನಿವಾಸಿಗಳಿಂದ ಪಡೆದು ಕಟ್ಟುವ ಅಸೋಸಿಯೇಷನ್ನಿನ ವಿಷಯದಲ್ಲಿ ಆ ಮೊತ್ತ ತೆರಿಗೆಯ ಲೆಕ್ಕಕ್ಕೆ ಸೇರುವುದಿಲ್ಲ ಎಂದು 2023ರ ಅಕ್ಟೋಬರಿನ ಸುತ್ತೋಲೆ ಸ್ಪಷ್ಟಪಡಿಸಿದೆ. ಎಲ್ಲವನ್ನೂ ‘ಮೆಂಟೆನೆನ್ಸ್’ ಎಂಬ ಒಂದೇ ಸಾಲಿನಲ್ಲಿ ಬರೆದವರಿಗೆ ಇದನ್ನು ಸಾಬೀತುಪಡಿಸುವುದು ಕಷ್ಟ.

ಮೇಷ್ಟ್ರ ಬಿಲ್ಲಿನಲ್ಲಿ ಈಗ ನೀರಿಗೆ ಎರಡು ಸಾಲುಗಳಿವೆ: ‘ನಿಮ್ಮ ಮೀಟರು’ ಮತ್ತು ‘ಸಾಮಾನ್ಯ ಬಳಕೆ ಹಾಗೂ ವ್ಯತ್ಯಾಸದ ಪಾಲು’. ಮುಂದಿನ ಸಲ ಶಿವಮೊಗ್ಗಕ್ಕೆ ಹೋಗಿ ಬಂದಾಗ ಮೊದಲ ಸಾಲಿನಲ್ಲಿ ಸೊನ್ನೆ, ಎರಡನೆಯದರಲ್ಲಿ 1,140 ಲೀಟರ್ ಇತ್ತು. ಹಣ ಕಟ್ಟಿದರು, ಕಟ್ಟಿ, ತೋಟದ ನಲ್ಲಿಗೆ ಮೀಟರು ಯಾವಾಗ ಬರುತ್ತದೆ ಎಂದು ಕಮಿಟಿಗೆ ಪತ್ರ ಬರೆದಿದ್ದಾರೆ.