ಒಬ್ಬ ಕೋಚ್, ಎರಡು ಜಾಕೆಟ್

ಕಳೆದ ಚಳಿಗಾಲದ ಮಾತು. ಕೆನಡಾದಲ್ಲಿ ನಾನು ಐಸ್ ಡ್ಯಾನ್ಸ್ ಕಲಿಸುವ ರಿಂಕ್‌ನಲ್ಲಿ, ಅಂದರೆ ಮಂಜುಗಡ್ಡೆಯ ಅಂಗಳದಲ್ಲಿ, ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು, "ನೀವು ಆ ಇನ್ನೊಂದು ಜೋಡಿಗೂ ಕಲಿಸ್ತೀರಲ್ವಾ? ನಾಳೆ ಯಾರು ಗೆಲ್ಲಲಿ ಅಂತಿದೆ ನಿಮಗೆ?" ಸುಮ್ನೆ ನಕ್ಕುಬಿಟ್ಟೆ.

ಐಸ್ ಡ್ಯಾನ್ಸ್ ಅಂದರೆ ಹುಡುಗ ಹುಡುಗಿಯನ್ನು ಎತ್ತಿ ಎಸೆಯುವುದು ಅಂದುಕೊಂಡವರೇ ಜಾಸ್ತಿ. ಅದು ಪೇರ್ ಸ್ಕೇಟಿಂಗ್. ನಮ್ಮಲ್ಲಿ ಎಸೆಯುವಂತಿಲ್ಲ. ಎತ್ತಿದರೂ ಕೈ ಪೂರ್ತಿ ಚಾಚಿ ತಲೆಯ ಮೇಲೆ ಹೊತ್ತು ನಿಲ್ಲುವಂತಿಲ್ಲ. ಸಣ್ಣ ಲಿಫ್ಟ್ 7 ಸೆಕೆಂಡ್ ದಾಟಿದರೆ ಅಂಕ ಕಟ್. ಮತ್ತೆ ಉಳಿಯುವುದೇನು? ಸ್ಕೇಟಿಂಗ್ ಶೂನ ಬ್ಲೇಡಿನ ಅಂಚು. ಬ್ಲೇಡಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ಇರುತ್ತದೆ, ಅದರ ಎರಡು ಬದಿಗೆ ಎರಡು ಅಂಚು. ಮಂಡಿ ಬಗ್ಗಿಸಿ ಒಂದೇ ಅಂಚಿನ ಮೇಲೆ ಪೂರ್ತಿ ವಾಲಿದರೆ ದಪ್ಪ ಬಟ್ಟೆ ಹರಿದ ಹಾಗೆ ಸದ್ದು ಬರುತ್ತದೆ. ವಾಲಲು ಹೆದರಿದರೆ ಬರೀ ಕರಕರ. ಎಷ್ಟೋ ಸಲ ನಾನು ಮಕ್ಕಳಿಗೆ ಬೆನ್ನು ಹಾಕಿ ನಿಂತು ಕೇಳುತ್ತೇನೆ. ತಪ್ಪು ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ.

ಸ್ಪರ್ಧಿಸುತ್ತಿದ್ದಾಗ ಇದೆಲ್ಲ ನನ್ನ ಕಾಲಿಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಕೋಚ್ ಆದ ಮೊದಲ ವರ್ಷ "ಹೀಗೆ, ನೋಡು" ಅಂತ ಮಾಡಿ ತೋರಿಸಿದ್ದೇ ಬಂತು. ಮಕ್ಕಳು ನನ್ನ ಕೈ ಬೀಸುವುದನ್ನು ಚೆನ್ನಾಗಿ ಕಲಿತರು!

ಈ ದಾರಿಯಲ್ಲಿ ನಾನು ಮತ್ತೆ ಮತ್ತೆ ನೋಡುವುದು ಕೆನಡಾದ ಐಸ್ ಡ್ಯಾನ್ಸ್ ಜೋಡಿ ಮರಿ-ಫ್ರಾನ್ಸ್ ದ್ಯುಬ್ರಯ್ ಮತ್ತು ಪಾತ್ರಿಸ್ ಲೋಝಾನ್ ಅವರನ್ನು. 2006ರ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ಲಿಫ್ಟ್ ಮಾಡುವಾಗ ಹಿಡಿತ ತಪ್ಪಿ ಆಕೆ ಬಿದ್ದರು. ಪೆಟ್ಟು ಜೋರಾಗಿತ್ತು, ಕೊನೆಯ ಸುತ್ತಿಗೆ ಇಳಿಯಲೇ ಇಲ್ಲ. ಮರು ತಿಂಗಳೇ ಕ್ಯಾಲ್ಗರಿಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ, 2007ರಲ್ಲಿ ಟೋಕಿಯೋದಲ್ಲಿ ಮತ್ತೊಂದು ಬೆಳ್ಳಿ. ಒಲಿಂಪಿಕ್ ಪದಕ ಮಾತ್ರ ಕೈಗೆ ಸಿಗಲಿಲ್ಲ.

ಆಮೇಲೆ ಇಬ್ಬರೂ ಮಾಂಟ್ರಿಯಲ್‌ನಲ್ಲಿ ಕಲಿಸಲು ನಿಂತರು. 2014ರಲ್ಲಿ ಫ್ರಾನ್ಸಿನಿಂದ ಪಾಪಡಾಕಿಸ್–ಸಿಝೆರಾನ್ ಜೋಡಿ ತಮ್ಮ ಕೋಚ್ ಜೊತೆ ಅಲ್ಲಿಗೇ ಬಂತು. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 13ನೇ ಸ್ಥಾನದಲ್ಲಿದ್ದವರು 2015ರಲ್ಲಿ ಚಾಂಪಿಯನ್! 2016ರಲ್ಲಿ ಕೆನಡಾದ ವರ್ಚೂ–ಮಾಯರ್ ಸ್ಪರ್ಧೆಗೆ ಮರಳಿದಾಗ ಅವರು ಹೋಗಿದ್ದೂ ಅದೇ ರಿಂಕ್‌ಗೆ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಈ ಎರಡು ಜೋಡಿಗಳ ನಡುವೆಯೇ ಚಿನ್ನದ ಪೈಪೋಟಿ. ವರ್ಚೂ–ಮಾಯರ್ 206.07, ಪಾಪಡಾಕಿಸ್–ಸಿಝೆರಾನ್ 205.28. ಒಂದು ಅಂಕವೂ ಇಲ್ಲದ ಅಂತರ, ಎರಡೂ ಕಡೆ ಅದೇ ಕೋಚ್‌ಗಳು.

ಇದು ಹೊಸದೇನಲ್ಲ. 2010ರ ವ್ಯಾಂಕೂವರ್‌ನಲ್ಲೂ ಚಿನ್ನ, ಬೆಳ್ಳಿ ಎರಡೂ ಮಿಷಿಗನ್‌ನ ಒಂದೇ ರಿಂಕ್‌ಗೆ ಹೋಗಿದ್ದವು. ಒಂದು ಜೋಡಿ ಅಂಕಕ್ಕಾಗಿ ಕಾಯುವಾಗ ಕೋಚ್ ಮೈಮೇಲೆ ಒಂದು ದೇಶದ ಜಾಕೆಟ್, ಮುಂದಿನವರು ಇಳಿಯುವಾಗ ಇನ್ನೊಂದು ದೇಶದ್ದು. ಟೀವಿಯಲ್ಲಿ ನೋಡುವವರಿಗೆ ಇದು ತಮಾಷೆ. ಆ ಎರಡು ಜಾಕೆಟ್‌ಗಳ ನಡುವೆ ಮುಖವನ್ನೂ ಬದಲಿಸಿಕೊಳ್ಳಬೇಕಲ್ಲ, ಅದು ಕಷ್ಟ. ಆಗಷ್ಟೇ ಸೋತವರ ಭುಜ ಬಿಟ್ಟು ಬಂದಿರುತ್ತೀರಿ.

ಹಾಗಾದರೆ ಸ್ಪರ್ಧಿಗಳು ಯಾಕೆ ಒಂದೇ ಕಡೆ ಹೋಗುತ್ತಾರೆ? ನನಗೆ ಅನಿಸುವುದು ಇಷ್ಟು: ಬೆಳಿಗ್ಗೆ ಪಕ್ಕದಲ್ಲೇ ತಮಗಿಂತ ಆಳವಾದ ಅಂಚಿನ ಸದ್ದು ಕೇಳಿದರೆ ಮಂಡಿ ತಾನಾಗಿಯೇ ಬಗ್ಗುತ್ತದೆ. ಅದನ್ನು ನಾನು ಎಷ್ಟು ಕೂಗಿದರೂ ಮಾಡಿಸಲಾಗದು.

ಅಂದಹಾಗೆ, ಮರುದಿನ ನನ್ನ ಜೋಡಿಗಳಿಗೆ ಬಂದಿದ್ದು ಮೂರನೇ ಮತ್ತು ನಾಲ್ಕನೇ ಸ್ಥಾನ. ಆ ತಾಯಿಯ ಮಗನದು ನಾಲ್ಕನೆಯದು. ಒಂದು ವಾರ ಅವರು ನನ್ನ ಜೊತೆ ಜಾಸ್ತಿ ಮಾತಾಡಲಿಲ್ಲ. ಹುಡುಗ ಮಾತ್ರ ಬುಧವಾರ ಬೆಳಿಗ್ಗೆ 6ಕ್ಕೇ ಬಂದು ಟ್ವಿಝಲ್ (ಒಂಟಿ ಕಾಲಲ್ಲಿ ಮುಂದೆ ಸಾಗುತ್ತಲೇ ಸುತ್ತುವುದು) ಸುತ್ತತೊಡಗಿದ್ದ, ಎಡಭುಜ ಮತ್ತೆ ಕೆಳಗೆ ಬಿಟ್ಟುಕೊಂಡು.